ಬರುವ ಸೋಮವಾರ

ಉಮರ್ಗಾ
೧೭ ಜೂನ್ ೨೦೧೦, ಗುರುವಾರ

ಬೇವಿನಮಠದ ಪರಮಪೂಜ್ಯ ಶ್ರೀಗಳ ಅಡಿದಾವರೆಗಳಿಗೆ ಶಾಂಭವಿಯ ಸಾಷ್ಟಾಂಗ ನಮಸ್ಕಾರ.

ಹೀಗೆ ಶುರು ಮಾಡಬೇಕು ಎಂದು ನಮ್ಮ ಮನೆಯವರು ಹೇಳಿಕೊಟ್ಟರು. ಅವರು ಹೇಳಿಕೊಟ್ಟ ಸಾಲು ಮುಗಿಯಿತು. ಇನ್ನು ಮುಂದಿನದು ನನ್ನದು, ಅದನ್ನು ಅವರು ಓದುವುದಿಲ್ಲ. ಅವರು ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡ ಅಕ್ಷರ ಕೂಡಿಸಿಕೊಂಡು ಒಂದು ಪುಟ ಓದುವಷ್ಟರಲ್ಲಿ ಅವರ ಝೆರಾಕ್ಸ್ ಅಂಗಡಿ ಬಾಗಿಲು ತೆರೆಯುವ ಹೊತ್ತಾಗುತ್ತದೆ. ನಿನಗೂ ನನಗೂ ಈ ಅಕ್ಷರ ಕಲಿಸಿದವನು ನಮ್ಮ ಅಪ್ಪ. ಇದ್ದದ್ದು ಒಂದೇ ಪಾಟಿ. ಅದರ ಒಂದು ಮಗ್ಗುಲಿಗೆ ನೀನು ಬರೆಯುತ್ತಿದ್ದೆ, ಇನ್ನೊಂದಕ್ಕೆ ನಾನು. ಆದ್ದರಿಂದ ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ಶಾಪ ಕೊಡುವುದಿದ್ದರೆ ಕೊಡು.

ಕಳೆದ ಸೋಮವಾರ ನಮ್ಮ ಮನೆಯವರು ನಮ್ಮ ಮಗ ಮಾಣಿಕನನ್ನು ಕರೆದುಕೊಂಡು ನಿನ್ನ ಮಠಕ್ಕೆ ಬಂದಿದ್ದರು. ಮಾಣಿಕನಿಗೆ ಐದು ತುಂಬಿತು. ಮರುದಿನದಿಂದ ಶಾಲೆ. ಶಾಲೆಗೆ ಹೋಗುವ ಮೊದಲು ಶ್ರೀಗಳ ಆಶೀರ್ವಾದ ಆಗಲಿ ಎಂಬುದು ನಮ್ಮ ಅತ್ತೆ ಶಿವಕಾಂತಮ್ಮನವರ ಆಸೆ. ಹೊಸ ಚಡ್ಡಿ, ಹೊಸ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿ ಕಳಿಸಿದವಳು ನಾನೇ. ಅಲ್ಲಿ ಎಲ್ಲರ ಮುಂದೆ ಅವನು ತಡವರಿಸದೆ ನೂರೆಂಟು ಸಲ ಪಂಚಾಕ್ಷರಿ ಹೇಳಿದನಂತೆ. ನೀನು ನಕ್ಕೆಯಂತೆ. ಆಮೇಲೆ ಕಾವಿ ಬಟ್ಟೆಯಲ್ಲಿ ಸುತ್ತಿದ ಒಂದು ತೆಂಗಿನಕಾಯಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟೆಯಂತೆ. ಹುಡುಗ ಚೆನ್ನಾಗಿ ಹೇಳಿದ್ದಕ್ಕೆ ಪ್ರಸಾದ ಎಂದುಕೊಂಡು ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಿದ್ದಾರೆ.

ಅದರ ಅರ್ಥ ಅವರಿಗೆ ತಿಳಿದದ್ದು ಬಸ್ಸಿನಲ್ಲಿ. ನಿಮ್ಮ ಭಕ್ತರೊಬ್ಬರು ಮಾಣಿಕನ ಕಾಲು ಮುಟ್ಟಿ, ಇಂವಾ ಇನ್ನ ನಮ್ಮ ಮರಿದೇವರು ಎಂದರಂತೆ. ಕಾವಿಯಲ್ಲಿ ಸುತ್ತಿದ ಕಾಯಿಯನ್ನು ತಂದೆ ಕೈಯಾರೆ ತೆಗೆದುಕೊಂಡರೆ ಮಗನನ್ನು ಮಠಕ್ಕೆ ಕೊಟ್ಟ ಹಾಗೆ. ಮುಂದಿನ ಸ್ವಾಮಿಯಾಗಲು ಮಠದಲ್ಲಿ ಬೆಳೆಯುವ ಮರಿ ಅವನು. ಅವನಿಗೆ ಇನ್ನು ಅಪ್ಪ ಇಲ್ಲ, ಅವ್ವ ಇಲ್ಲ, ಇಟ್ಟ ಹೆಸರೂ ಇಲ್ಲ. ನಮ್ಮ ಮನೆಯವರು ಬಸ್ಸಿನಲ್ಲಿ ಗಾಬರಿಯಾದರಂತೆ. ಆದರೆ ಉಮರ್ಗಾದಲ್ಲಿ ಇಳಿಯುವಷ್ಟರಲ್ಲಿ ಅವರಿಗೆ ಅದು ಸ್ವಲ್ಪ ರುಚಿಸಿತ್ತು. ಮುಖ ನೋಡಿದರೆ ಗೊತ್ತಾಗುತ್ತದೆ.

ನನಗೆ ರುಚಿಸಿಲ್ಲ. ಕೇಳಬೇಕಾದದ್ದು ನನ್ನನ್ನು. ಹೊತ್ತವಳು, ಹೆತ್ತವಳು ನಾನು. ಕಾಯಿ ನಮ್ಮ ದೇವರ ಗೂಡಿನಲ್ಲಿ ಕೂತಿದೆ. ಯಾರನ್ನಾದರೂ ಕಳಿಸಿ ಅದನ್ನು ವಾಪಸ್ಸು ತರಿಸಿಕೋ.

ಶಾಂಭವಿ


ಬೇವಿನಮಠ, ನಿಲಂಗಾ ತಾಲೂಕು
೨೮ ಜೂನ್ ೨೦೧೦

ಶರಣೆ ಶಾಂಭವಿ ತಾಯಿಯವರಿಗೆ ಶ್ರೀಮಠದ ಆಡಳಿತ ಮಂಡಳಿಯ ಶುಭಾಶೀರ್ವಾದಗಳು.

ತಮ್ಮ ಪತ್ರ ತಲುಪಿತು. ಶ್ರೀಗಳು ಸದಾ ಅನುಷ್ಠಾನದಲ್ಲಿ ಇರುವುದರಿಂದ ಶ್ರೀಮಠಕ್ಕೆ ಬರುವ ಪತ್ರಗಳನ್ನೂ ಫೋನುಗಳನ್ನೂ ನಾವೇ ನೋಡಿಕೊಳ್ಳುತ್ತೇವೆ. ಪತ್ರದಲ್ಲಿ ಶ್ರೀಗಳನ್ನು ಏಕವಚನದಲ್ಲಿ ಸಂಬೋಧಿಸಿದ್ದು ತಾಯಿಯ ಮನಸ್ಸಿನ ತಳಮಳದಿಂದ ಆದದ್ದೆಂದು ಭಾವಿಸಿ ಮಂಡಳಿಯು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಶ್ರೀಗಳಿಗೆ ಪೂರ್ವಾಶ್ರಮದ ಸಂಬಂಧಗಳು ಇರುವುದಿಲ್ಲ ಎಂಬುದು ತಮಗೆ ತಿಳಿಯದ್ದೇನಲ್ಲ.

ಗುರುಪೀಠಕ್ಕೆ ಶ್ರೀಗಳದೇ ರಕ್ತದ ಜಂಗಮ ಕೂಸು ದೊರೆತದ್ದು ಏಳು ಜನ್ಮದ ಪುಣ್ಯ. ಬರುವ ಸೆಪ್ಟೆಂಬರ್ ೬, ಶ್ರಾವಣದ ಕೊನೆಯ ಸೋಮವಾರ ಚಿರಂಜೀವಿ ಮಾಣಿಕನಿಗೆ ದೀಕ್ಷೆ ಕೊಟ್ಟು ಮರಿಯಾಗಿ ಬರಮಾಡಿಕೊಳ್ಳಲು ನಿಶ್ಚಯವಾಗಿದೆ. ಹಿಂದಿನ ದಿನ ಸಂಜೆ ಜೀಪು ಬರುತ್ತದೆ. ಹುಡುಗನ ಆಟಿಕೆಗಳನ್ನು ದಯಮಾಡಿ ಕಳಿಸಬಾರದು.

ಶ್ರೀಮಠದ ಪರವಾಗಿ,
ಮಲ್ಲಣ್ಣ, ಕಾರ್ಯದರ್ಶಿ


ಉಮರ್ಗಾ
೪ ಜುಲೈ ೨೦೧೦, ರವಿವಾರ

ಶಿವರಾಯ,

ಈ ಪತ್ರ ಮಲ್ಲಣ್ಣನ ಮೇಜಿನ ಮೇಲೆ ಹೋಗುವುದಿಲ್ಲ. ನಿಮ್ಮ ದಾಸೋಹದಲ್ಲಿ ರೊಟ್ಟಿ ಬಡಿಯುವ ರಂಭಾಬಾಯಿಯ ಮಗಳ ಮನೆ ನಮ್ಮ ಓಣಿಯಲ್ಲೇ ಇದೆ ಎಂದು ನನಗೆ ಗೊತ್ತಾದದ್ದು ಹೋದ ವಾರ. ಅವಳು ಹದಿನೈದು ದಿನಕ್ಕೊಮ್ಮೆ ಮಗಳ ಮನೆಗೆ ಬರುತ್ತಾಳೆ. ಪತ್ರ ಕೊಟ್ಟಾಗ ರೊಟ್ಟಿಯ ಬಟ್ಟೆಯ ನಡುವೆ ಮಡಿಚಿಟ್ಟುಕೊಂಡಳು. "ಅಂವಗ ನಿನ್ನ ಅಕ್ಷರ ಗುರ್ತ ಸಿಗ್ತದೇನು?" ಎಂದು ಮಾತ್ರ ಕೇಳಿದಳು. ಸಿಗುತ್ತದೆ ಎಂದೆ.

ಆಟಿಕೆ ಕಳಿಸಬಾರದಂತೆ. ಅದನ್ನು ಓದಿದಾಗಿನಿಂದ ನನ್ನ ಮೈ ಉರಿಯುತ್ತಿದೆ. ಮಾಣಿಕನ ಹತ್ತಿರ ಇರುವುದು ಒಂದು ಚಕ್ರ ಮುರಿದ ಟ್ರ್ಯಾಕ್ಟರು. ಅದು ಬಂದರೆ ನಿಮ್ಮ ಪೀಠ ಅಲುಗಾಡುತ್ತದೇನು? ನಿನ್ನನ್ನು ಒಯ್ದಾಗ ನಿನ್ನ ಕೈಯಲ್ಲಿ ಏನೂ ಇರಲಿಲ್ಲ, ನಿಜ. ಭೂಕಂಪದಲ್ಲಿ ಅವ್ವನ ಜೊತೆಗೆ ಎಲ್ಲವೂ ಗೋಡೆಯ ಕೆಳಗೇ ಉಳಿದಿತ್ತು. ಮಾಕಣಿ ಊರಿನ ಈಚೆ ತಗಡಿನ ಪತ್ರಾ ಶೆಡ್ಡಿನಲ್ಲಿ ನಾವು ಮೂವರು, ಒಂದು ಸ್ಟವ್, ಯಾರೋ ಹಂಚಿದ ಮೂರು ಚಾದರ. ಮಠದ ಹಿರಿಯ ಶ್ರೀಗಳು ಬಂದು, ಒಬ್ಬನಾದರೂ ಹೊಟ್ಟೆ ತುಂಬ ಉಣ್ಣಲಿ ಎಂದು ನಿನ್ನನ್ನು ಮಠಕ್ಕೆ ಕೇಳಿದರು. ಅಪ್ಪ ಕೊಟ್ಟ. ನೀನು ಶೆಡ್ಡಿನ ಕಂಬ ತಬ್ಬಿಕೊಂಡು ಬಿಡಲಿಲ್ಲ. ಆಗ ಅಪ್ಪ ನನಗೆ, "ನೀ ಹೇಳಿದ್ರ ಕೇಳ್ತಾನ, ನೀನೇ ಬಿಟ್ಟು ಬಾ" ಎಂದ. ನನಗೆ ಹನ್ನೊಂದು, ನಿನಗೆ ಎಂಟು. ಮಠದ ಜೀಪಿನಲ್ಲಿ ನಿನ್ನ ಕೈ ಹಿಡಿದುಕೊಂಡು ಕೂತು ಬಂದವಳು ನಾನು.

ಆಮೇಲೆ ನಿನ್ನನ್ನು ಹತ್ತಿರದಿಂದ ನೋಡಿದ್ದು ಎರಡು ವರ್ಷದ ಹಿಂದೆ, ಅಪ್ಪ ತೀರಿಕೊಂಡಾಗ. ನೀನು ಜೀಪಿನಿಂದ ಇಳಿದೆ. ಊರಿಗೆ ಊರೇ ನಿನಗೆ ಅಡ್ಡಬಿತ್ತು, ನಾನೂ ಬಿದ್ದೆ. ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಪದ್ಧತಿಯ ಪ್ರಕಾರ ಗುರುವಿನ ಪಾದ ಸತ್ತವನ ತಲೆಯ ಮೇಲೆ ಬರಬೇಕು. ನೀನು ಪಾದ ಇಟ್ಟೆ. ನಿನ್ನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಗುಂಡಿಯ ಮೇಲೆ ಮಣ್ಣು ಬೀಳುವ ಮೊದಲೇ ಜೀಪು ಹೊರಟಿತು. ನನ್ನನ್ನು ನೋಡಿ ಒಂದು ಮಾತೂ ಆಡಲಿಲ್ಲ. ಇಂಥವನ ಹತ್ತಿರ ನನ್ನ ಮಗನನ್ನು ಬಿಡಬೇಕೇ?

ಮನೆಯಲ್ಲಿ ದಿನಾ ಇದೇ. ತಂದ ಕಾಯಿ ತಿರುಗಿಸಿದರೆ ವಂಶಕ್ಕೆ ಕೇಡು ಎಂದು ಅತ್ತೆ. ತಾವು ಮುಂಜಾನೆ ಪೂಜೆಗೆ ಹೋಗುವ ನಾಲ್ಕು ಮನೆಯವರು ಏನಂದುಕೊಂಡಾರು ಎಂದು ನಮ್ಮ ಮನೆಯವರು. "ದೇವರ ಕೆಲಸಕ್ಕ ಇಲ್ಲ ಅನ್ನೂದು ಹ್ಯಾಂಗ?" ಎನ್ನುತ್ತಾರೆ. ಮಾಣಿಕನನ್ನು ಶಾಲೆಗೆ ಬಿಟ್ಟು ಬರುವಾಗ ನನ್ನ ಸೆರಗು ಹಿಡಿದು ಅಳುತ್ತಾನೆ. ಶಾಲೆ ಹನ್ನೆರಡಕ್ಕೆ ಬಿಡುತ್ತದೆ, ಅಷ್ಟಕ್ಕೇ ಅಳು. ಈ ಹುಡುಗನನ್ನು ಕೇಳುತ್ತಿದ್ದೀ ನೀನು.

ಉತ್ತರ ನಿನ್ನ ಕೈಯಿಂದ ಬರಲಿ.

ಶಾಂಭವಿ


ಬೇವಿನಮಠ
೨೦ ಜುಲೈ ೨೦೧೦

ಶಾಂಭವಿ,

ನಿನ್ನ ಅಕ್ಷರದ ಗುರುತು ಸಿಕ್ಕಿತು. ಈಗಲೂ ಸಾಲು ಕೆಳಗಿಳಿಯುತ್ತದೆ.

ನೀನು ಎಲ್ಲವನ್ನೂ ಬರೆದಿದ್ದೀ. ಕಂಬ ಬರೆದಿದ್ದೀ, ಜೀಪು ಬರೆದಿದ್ದೀ. ಒಂದನ್ನು ಮಾತ್ರ ಬಿಟ್ಟಿದ್ದೀ. ಮಠದ ಅಂಗಳದ ಬೇವಿನ ಗಿಡದ ಕೆಳಗೆ ನನ್ನನ್ನು ಕೂಡಿಸಿ ನೀನು ಏನು ಹೇಳಿದೆ ಎಂಬುದನ್ನು. ಮರೆತಿದ್ದರೆ ನಾನು ಹೇಳುತ್ತೇನೆ. "ನೀ ಇಲ್ಲೇ ಕುಂದ್ರು. ಬರೂ ಸೋಮವಾರ ನಾ ಬಂದು ಕರ್ಕೊಂಡು ಹೋಗ್ತೀನಿ." ಆಮೇಲೆ ಜೀಪು ಹತ್ತಿದೆ. ತಿರುಗಿ ನೋಡಲಿಲ್ಲ.

ನಾನು ಏಳು ಸೋಮವಾರ ಅಲ್ಲಿ ಕೂತೆ. ಮುಂಜಾನೆ ಪೂಜೆಯ ಗಂಟೆ ಬಾರಿಸಿದ ಮೇಲೆ ಹೋಗಿ ಕೂತರೆ ದಾಸೋಹದ ಪಂಕ್ತಿ ಏಳುವ ತನಕ. ಬಂದವರೆಲ್ಲ ಮರಿದೇವರು ಧ್ಯಾನಕ್ಕೆ ಕೂತಿದ್ದಾರೆ ಎಂದು ನಮಸ್ಕಾರ ಮಾಡಿ ಹೋಗುತ್ತಿದ್ದರು. ಎಂಟನೆಯ ಸೋಮವಾರ ರಂಭಾಬಾಯಿ ಬಂದು ಕೈ ಹಿಡಿದು ಎಬ್ಬಿಸಿ ಒಲೆಯ ಮುಂದೆ ಕೂಡಿಸಿ ಬಿಸಿ ರೊಟ್ಟಿ ಕೊಟ್ಟಳು. ಆಮೇಲೆ ಹೋಗಲಿಲ್ಲ. ಹಿರಿಯ ಶ್ರೀಗಳು ಲಿಂಗೈಕ್ಯರಾದ ಮೇಲೆ ಹದಿನೆಂಟನೆಯ ವಯಸ್ಸಿಗೆ ನನ್ನನ್ನು ಪೀಠಕ್ಕೆ ಕೂಡಿಸಿದರು. ಅವತ್ತೂ ನೀನು ಬಂದಿರಲಿಲ್ಲ.

ಅಪ್ಪನ ತಲೆಯ ಮೇಲೆ ನಾನು ಇಟ್ಟ ಪಾದದ ಬಗ್ಗೆ ಬರೆದಿದ್ದೀ. ಜನ ಅದನ್ನು ಗುರುಪಾದ ಎಂದರು. ನಿನಗೆ ನಿಜ ಹೇಳುತ್ತೇನೆ. ಅದು ಗುರುಪಾದ ಆಗಿರಲಿಲ್ಲ. ಎಂಟು ವರ್ಷದವನೊಬ್ಬ ತನ್ನನ್ನು ಕೊಟ್ಟು ಕೈ ತೊಳೆದುಕೊಂಡ ಅಪ್ಪನಿಗೆ ಒದ್ದದ್ದು ಅದು. ನಾನು ಬೇಕೆಂದೇ ಭಾರ ಹಾಕಿದೆ. ಅಪ್ಪನ ಕುತ್ತಿಗೆ ಸ್ವಲ್ಪ ಬಾಗಿತು. ಅದಕ್ಕೇ ಮಣ್ಣು ಬೀಳುವ ತನಕ ನಿಲ್ಲಲು ಆಗಲಿಲ್ಲ.

ಮಾಣಿಕನಿಗೆ ಇಲ್ಲಿ ಯಾವ ಕೊರತೆಯೂ ಆಗುವುದಿಲ್ಲ. ಹಾಲು, ತುಪ್ಪ, ಸಂಸ್ಕೃತ ಪಾಠ ಎಲ್ಲ ಇದೆ. ನಾನಿದ್ದೇನೆ. ನನಗಿದ್ದುದಕ್ಕಿಂತ ಅವನಿಗೆ ಹೆಚ್ಚೇ ಇರುತ್ತದೆ. ಸಿಟ್ಟು ಬಿಟ್ಟು ಕಳಿಸಿಕೊಡು.

ಹೆಸರು ಬರೆಯುವ ರೂಢಿ ಇಲ್ಲ. ಮಠದ ಮುದ್ರೆ ಮಲ್ಲಣ್ಣನ ಹತ್ತಿರ ಇದೆ.


ಉಮರ್ಗಾ
೨೭ ಜುಲೈ ೨೦೧೦

ಶಿವರಾಯ,

ಕಾಯಿ ಒಡೆದೆ.

ನಿನ್ನ ಪತ್ರ ಓದಿ ಮುಗಿಸಿದೆ. ದೇವರ ಗೂಡಿನಿಂದ ಅದನ್ನು ಇಳಿಸಿ ಹಿತ್ತಲಿನ ಒಗೆಯುವ ಕಲ್ಲಿಗೆ ಕುಕ್ಕಿದೆ. ಆರು ವಾರ ಕೂತದ್ದು, ಒಳಗೆ ಕೆಟ್ಟಿರಬೇಕು ಎಂದುಕೊಂಡಿದ್ದೆ. ಬಿಳಿಯಾಗಿತ್ತು, ಸಿಹಿಯಾಗಿತ್ತು. ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಅರೆದು ಚಟ್ನಿ ಮಾಡಿ ಎಲ್ಲರಿಗೂ ಬಡಿಸಿದೆ. ನಮ್ಮ ಮನೆಯವರು ಎರಡು ಸಲ ಹಾಕಿಸಿಕೊಂಡರು. ಅತ್ತೆ ಇವತ್ತು ಚಟ್ನಿ ಛಲೋ ಆಗೇದ ಎಂದರು. ಉಂಡು ಕೈ ತೊಳೆದ ಮೇಲೆ ಯಾವ ಕಾಯಿ ಎಂದು ಹೇಳಿದೆ.

ಅತ್ತೆ ಎರಡು ದಿನ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ನಮ್ಮ ಮನೆಯವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಏನಾದರೂ ಬೇಕಾದರೆ ಮಾಣಿಕನಿಗೆ ಹೇಳುತ್ತಾರೆ, ಅವನು ಎರಡು ಹೆಜ್ಜೆ ನಡೆದು ಬಂದು ನನಗೆ ಹೇಳುತ್ತಾನೆ. ಅವನಿಗೆ ಇದೊಂದು ಆಟ. ಕಾವಿ ಬಟ್ಟೆ ಒಗೆದು ಒಣಗಿಸಿ ಅದರಲ್ಲಿ ರೊಟ್ಟಿ ಸುತ್ತಿಡುತ್ತಿದ್ದೇನೆ. ಇದನ್ನೆಲ್ಲ ಮಲ್ಲಣ್ಣನಿಗೆ ಹೇಳಬೇಕೆನಿಸಿದರೆ ಹೇಳು.

ಸೋಮವಾರದ ಮಾತು ನಾನು ಮರೆತಿಲ್ಲ. ನೆನಪಿದ್ದದ್ದಕ್ಕೇ ಬರೆಯಲು ಆಗಲಿಲ್ಲ. ಹದಿನಾರು ವರ್ಷ ಅದನ್ನು ಯಾರ ಮುಂದೆಯೂ ಹೇಳಿಲ್ಲ, ನಮ್ಮ ಮನೆಯವರಿಗೂ ಹೇಳಿಲ್ಲ. ಈಗ ಕೇಳು. ನೀನು ಹೋದ ಮೇಲೆ ಮಠದಿಂದ ತಿಂಗಳಿಗೊಂದು ಚೀಲ ಜೋಳ ಬರತೊಡಗಿತು. ಮೊದಲ ಸೋಮವಾರ ಹೋಗೋಣ ಎಂದು ಅಪ್ಪನಿಗೆ ಕೇಳಿದೆ. ಅವನು ಚೀಲದ ಕಡೆ ನೋಡಿದ. ನನಗೆ ಅರ್ಥವಾಯಿತು. ನೀನು ತಿರುಗಿ ಬಂದರೆ ಚೀಲ ಬರುವುದು ನಿಲ್ಲುತ್ತದೆ. ಎರಡನೆಯ ಸೋಮವಾರ ನಾನು ಕೇಳಲಿಲ್ಲ. ಆ ಜೋಳ ಬೀಸಿ ರೊಟ್ಟಿ ಬಡಿದವಳು ನಾನು, ಉಂಡವಳೂ ನಾನೇ. ನನಗೆ ಹಸಿವಿತ್ತು ಶಿವರಾಯ. ಅಪ್ಪನ ಮೇಲೆ ಹಾಕಿದ ಭಾರದಲ್ಲಿ ಅರ್ಧ ನನ್ನ ಮೇಲೆ ಹಾಕಬೇಕಿತ್ತು ನೀನು.

ಇದನ್ನು ಬರೆದು ನನಗೆ ಸಮಾಧಾನವೇನೂ ಆಗಲಿಲ್ಲ, ಸಿಟ್ಟು ಹೆಚ್ಚಾಗಿದೆ. ಏಳು ಸೋಮವಾರ ಕೂತವನಿಗೆ ಇನ್ನೊಬ್ಬ ಹುಡುಗನನ್ನು ಅಲ್ಲಿಯೇ ಕೂಡಿಸುವ ಮನಸ್ಸು ಹೇಗೆ ಬರುತ್ತದೆ? ಹಾಲು ತುಪ್ಪದ ಮಾತು ನನಗೆ ಬೇಡ. ಮಾಣಿಕ ಯಾಕೆ ಬೇಕು? ನಿನಗಿನ್ನೂ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕಕ್ಕೆ ಯಾವ ಸ್ವಾಮಿ ತನ್ನ ನಂತರದವನನ್ನು ಹುಡುಕುತ್ತಾನೆ? ನೀನು ಏನೋ ಮುಚ್ಚಿಡುತ್ತಿದ್ದೀ. ಜಡ್ಡೇನಾದರೂ ಆಗಿದೆಯೋ? ಅದನ್ನಾದರೂ ಹೇಳು.

ಅಕ್ಕ


ಬೇವಿನಮಠ
೧೮ ಆಗಸ್ಟ್ ೨೦೧೦

ಅಕ್ಕ,

ಮೂರು ಸಲ ಬರೆದು ಹರಿದೆ. ಹರಿದದ್ದನ್ನು ರಂಭಾಬಾಯಿ ಒಲೆಗೆ ಹಾಕಿದಳು. ನಾಲ್ಕನೆಯದನ್ನು ಹರಿಯಲು ಬಿಡುವುದಿಲ್ಲ ಎಂದು ಎದುರಿಗೇ ಕೂತಿದ್ದಾಳೆ.

ಜಡ್ಡಲ್ಲ. ನಾನು ಇಲ್ಲಿಂದ ಹೋಗಬೇಕು.

ಅಪ್ಪನ ಮಣ್ಣಿಗೆ ಹೋಗಿ ಬಂದ ಮೇಲೆ ಯಾರಿಗೂ ಪಾದ ಕೊಡಲು ಆಗುತ್ತಿಲ್ಲ. ಮುದುಕಿಯರು ಬಂದು ಪಾದಕ್ಕೆ ಹಣೆ ಹಚ್ಚುತ್ತಾರೆ, ಅಪ್ಪನ ಕುತ್ತಿಗೆ ಬಾಗಿದ್ದು ಕಾಣುತ್ತದೆ. ಕಾಲು ಹಿಂದಕ್ಕೆ ಎಳೆದುಕೊಂಡರೆ ಶ್ರೀಗಳದು ಎಂಥ ವಿನಯ ಎನ್ನುತ್ತಾರೆ. ಪ್ರವಚನ ಹೇಳುತ್ತೇನೆ, ನಾನು ಹೇಳಿದ್ದನ್ನು ನಾನೇ ನಂಬುವುದಿಲ್ಲ. ದೇವರ ಮೇಲೆ ಸಿಟ್ಟಿಲ್ಲ ಅಕ್ಕ. ದೇವರು ನನ್ನನ್ನು ಕರೆದಿರಲೂ ಇಲ್ಲ. ಕರೆದುಕೊಂಡು ಬಂದವರು ಬೇರೆ.

ಹೋದ ವರ್ಷ ಮಂಡಳಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪೀಠ ಖಾಲಿ ಬಿಟ್ಟರೆ ದಾಸೋಹ ನಿಲ್ಲುತ್ತದೆ, ಇಲ್ಲಿ ಓದುವ ನಲವತ್ತು ಮಕ್ಕಳು ಬೀದಿಗೆ ಬರುತ್ತಾರೆ ಎಂದರು. ಆಮೇಲೆ ಮಲ್ಲಣ್ಣ ಬಾಗಿಲು ಮುಂದೆ ಮಾಡಿ, "ನಿಮ್ಮ ರಕ್ತದ್ದು ಒಂದು ಮರಿ ಕೂಡಿಸಿ ಕೊಡ್ರಿ ಅಪ್ಪಾವ್ರ, ಆಮ್ಯಾಲ ನೀವು ಎಲ್ಲಿಗಿ ಹೋದ್ರೂ ನಾವು ಕೇಳಂಗಿಲ್ಲ" ಎಂದ. ನಿನ್ನ ಮಗನ ಸುದ್ದಿ ತೆಗೆದವನೂ ಅವನೇ. ಕಾಯಿ ಕೊಟ್ಟವನು ನಾನು. ಮಾಣಿಕ ಮಂತ್ರ ಹೇಳುವಾಗ ನಾನು ನಕ್ಕದ್ದು ನಿಜ. ಆಗ ನಾನು ಅವನನ್ನು ನೋಡುತ್ತಿರಲಿಲ್ಲ, ಅವನ ಹಿಂದಿನ ಬಾಗಿಲನ್ನು ನೋಡುತ್ತಿದ್ದೆ.

ಹೋಗಿ ಏನು ಮಾಡುತ್ತೀ ಎಂದು ಕೇಳಬೇಡ. ದೊಡ್ಡದೇನೂ ಇಲ್ಲ. ಉದಗೀರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಿರ್ಚಿಭಜಿ ತಿನ್ನಬೇಕು, ಯಾರೂ ನೋಡಬಾರದು. ಪ್ಯಾಂಟು ಹಾಕಿಕೊಂಡು ಸೈಕಲ್ ಕಲಿಯಬೇಕು. ಯಾರಾದರೂ ಹೆಸರು ಹಿಡಿದು ಕರೆಯಬೇಕು. ಹದಿನಾರು ವರ್ಷದಲ್ಲಿ ನನ್ನ ಹೆಸರು ಬರೆದವಳು ನೀನೊಬ್ಬಳೇ, ಅದೂ ಬೈಯಲಿಕ್ಕೆ.

ಹಾಗೇ ಎದ್ದು ಹೋಗಬಹುದು. ಬಾಗಿಲಿಗೆ ಯಾರೂ ಕಾವಲಿಲ್ಲ. ಆದರೆ ಎಲ್ಲಿಗೆ ಹೋಗಲಿ? ಕಾವಿ ಬಿಟ್ಟು ಓಡಿ ಬಂದವನಿಗೆ ಈ ಮೂರು ತಾಲೂಕಿನಲ್ಲಿ ಯಾರು ಚಾಪೆ ಹಾಸುತ್ತಾರೆ? ಮಂಡಳಿಯವರೇ ಕೈಯಾರೆ ಕಳಿಸಿಕೊಟ್ಟರೆ ಮರ್ಯಾದೆಯಿಂದ ಬದುಕಬಹುದು. ಅದಕ್ಕೆ ಮಾಣಿಕ ಬೇಕು.

ಈಗ ನಿನಗೆ ಎಲ್ಲ ಗೊತ್ತಾಯಿತು. ನೀನು ಕೊಟ್ಟರೆ ನಾನು ಹೊರಗೆ, ಕೊಡದಿದ್ದರೆ ನಾನು ಒಳಗೆ. ಯಾರು ಬೇಕೋ ನೀನೇ ನೋಡು.

ಶಿವರಾಯ


ಉಮರ್ಗಾ
೧ ಸೆಪ್ಟೆಂಬರ್ ೨೦೧೦, ಬುಧವಾರ

ಶಿವರಾಯ,

ಯಾರು ಬೇಕೋ ನೀನೇ ನೋಡು ಎಂದು ಬರೆಯಲು ನಿನಗೆ ನಾಚಿಕೆಯಾಗಬೇಕಿತ್ತು. ಅದೊಂದು ಸಾಲಿಗೆ ನಿನ್ನ ಕಪಾಳಕ್ಕೆ ಎರಡು ಬಾರಿಸಬೇಕು. ಬಾರಿಸುತ್ತೇನೆ, ಎದುರಿಗೆ ಸಿಗು.

ನಾಲ್ಕು ದಿನ ನನಗೆ ಒಂದು ತುತ್ತು ಇಳಿಯಲಿಲ್ಲ. ಮಾಣಿಕನ ಮುಖ ನೋಡಿದರೆ ನೀನು ಕಂಬ ತಬ್ಬಿಕೊಂಡದ್ದು ಕಾಣುತ್ತಿತ್ತು, ನಿನ್ನ ಅಕ್ಷರ ನೋಡಿದರೆ ಮಾಣಿಕ ಬೇವಿನ ಕೆಳಗೆ ಕೂತದ್ದು. ಒಬ್ಬರನ್ನು ಒಳಗೆ ಹಾಕಿದರೆ ಮಾತ್ರ ಇನ್ನೊಬ್ಬರು ಹೊರಗೆ ಎಂಬ ಲೆಕ್ಕ ಯಾರು ಹಾಕಿದ್ದು? ಮಲ್ಲಣ್ಣ ಹಾಕಿದ್ದು. ನೀನು ಒಪ್ಪಿದೆ, ನಾನೂ ನಾಲ್ಕು ದಿನ ಒಪ್ಪಿದ್ದೆ. ಐದನೆಯ ದಿನ ನಿನ್ನ ಎರಡೂ ಪತ್ರ ತೆಗೆದುಕೊಂಡು ಹೋಗಿ ನಮ್ಮ ಮನೆಯವರ ಎದುರು ಕೂತೆ. ಮಾತು ಬಿಟ್ಟಿದ್ದರೆ ಬಿಡಲಿ, ಕಿವಿ ಇದ್ದವಲ್ಲ.

ಅವರು ಮಾಣಿಕನ ಕಾಲು ತೊಡೆಯ ಮೇಲೆ ಇಟ್ಟುಕೊಂಡು ಉಗುರು ಕತ್ತರಿಸುತ್ತಿದ್ದರು. ನಾನು ಓದುತ್ತಾ ಹೋದೆ. ಜೋಳದ ಚೀಲದ ಮಾತನ್ನೂ ಮುಚ್ಚದೆ ನಾನೇ ಹೇಳಿದೆ. ಅಪ್ಪನ ಕುತ್ತಿಗೆ ಬಾಗಿದ ಸಾಲಿಗೆ ಬಂದಾಗ ಕತ್ತರಿಯ ಸಪ್ಪಳ ನಿಂತಿತು. ಅವರು ತಮ್ಮ ಕೈಯಲ್ಲಿದ್ದ ಆ ಪುಟ್ಟ ಪಾದವನ್ನು ನೋಡಿದರು. "ನಾ ಸತ್ತಾಗ ಇದೇ ಪಾದೇನು?" ಎಂದರು. ಒಂದು ತಿಂಗಳ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು ಅದು. ನಾನು ಹೌದು ಎಂದೆ. ಮಾಣಿಕ ಇನ್ನೊಂದು ಕಾಲು ಮುಂದೆ ಚಾಚಿ, ಇದರದೂ ಕತ್ತರಿಸು ಎಂದ.

ಮರುದಿನ ಅಂಗಡಿಯಿಂದ ಬರುವಾಗ ಅವರು ಒಂದು ತೆಂಗಿನಕಾಯಿ ತಂದರು. "ಎರಡೂ ಕೈಲೆ ತಗೊಂಡವ ನಾ. ತಿರುಗಿ ಕೊಡೂದೂ ನಾನೇ" ಎಂದರು. ಮಠದ ಕಾಯಿ ನಮ್ಮ ಹೊಟ್ಟೆಯಲ್ಲಿದೆ, ಇದು ಬಜಾರಿನದು, ನಡೆಯುತ್ತದೆಯೇ ಎಂದು ಕೇಳಿದೆ. ಕಾಯಿ ಕಾಯಿಯೇ ಎಂದರು. ಅಷ್ಟು ಭಕ್ತಿಯ ಮನುಷ್ಯ ಅಷ್ಟು ಧೈರ್ಯದ ಮಾತು ಆಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಪೂಜೆಯ ನಾಲ್ಕು ಮನೆ ಕೈಬಿಡಬಹುದು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಝೆರಾಕ್ಸ್ ಮಷೀನು ನಮ್ಮದೇ ಇದೆ.

ನಿನ್ನನ್ನು ಮನೆಗೆ ಕರೆತರುತ್ತೇವೆ ಎಂದು ಅತ್ತೆಯವರಿಗೆ ಹೇಳುವುದೇ ಕಷ್ಟ ಎಂದುಕೊಂಡಿದ್ದೆ. ಅವರು ವಿಭೂತಿ ಹಚ್ಚಿಕೊಳ್ಳುತ್ತ ಎಲ್ಲ ಕೇಳಿದರು. ಪೀಠ ಬಿಟ್ಟು ಬರುವವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಪಾಪ ಎಂದರು. ಇವತ್ತು ಮುಂಜಾನೆ ಒಲೆಯ ಹತ್ತಿರ ಬಂದು, ನನ್ನ ಮುಖ ನೋಡದೆ, "ಅಂವಾ ಚಹಾ ಕುಡೀತಾನೇನು, ಬರೇ ಹಾಲೇನು?" ಎಂದು ಕೇಳಿದರು. ನನಗೆ ಗೊತ್ತಿಲ್ಲ. ಸ್ವಂತ ತಮ್ಮ ಚಹಾ ಕುಡಿಯುತ್ತಾನೋ ಇಲ್ಲವೋ ಗೊತ್ತಿಲ್ಲದ ಅಕ್ಕ ನಾನು.

ನಲವತ್ತು ಮಕ್ಕಳ ಮಾತು ನನ್ನನ್ನೂ ಕೊರೆಯುತ್ತದೆ. ರಂಭಾಬಾಯಿಯನ್ನು ಕೇಳಿದೆ. ರೊಟ್ಟಿ ಬಡಿಯುವವಳು ತಾನು, ಪಾಠ ಹೇಳುವವರು ಮಾಸ್ತರರು, ಜೋಳ ಕೊಡುವವರು ಊರವರು, ಪೀಠ ಖಾಲಿಯಾದರೆ ಯಾವ ಒಲೆ ಆರುತ್ತದೆ ಎಂದು ಅವಳೇ ನನ್ನನ್ನು ಕೇಳಿದಳು. ದೊಡ್ಡವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಬಂದು ಕೂಡಲಿ. ಇಲ್ಲವಾದರೆ ಖಾಲಿ ಇರಲಿ. ಖಾಲಿ ಪೀಠ ಅಕ್ಕ ಬರುತ್ತಾಳೆ ಎಂದು ಕಾಯುವುದಿಲ್ಲ.

ನಮ್ಮ ಮನೆಯವರ ಒಂದು ಪ್ಯಾಂಟು, ಒಂದು ಅಂಗಿ ಒಗೆದು ಇಸ್ತ್ರಿ ಮಾಡಿ ಚೀಲದಲ್ಲಿ ಇಟ್ಟಿದ್ದೇನೆ. ನಿನ್ನ ಸೊಂಟದ ಅಳತೆ ಗೊತ್ತಿಲ್ಲದ್ದಕ್ಕೆ ಒಂದು ಬೆಲ್ಟೂ ಇದೆ. ನಿಮ್ಮ ಕಾವಿ ಬಟ್ಟೆಯನ್ನು ಮಡಿಚಿ ಕಾಯಿಯ ಜೊತೆ ತರುತ್ತೇನೆ, ಎಷ್ಟು ಒಗೆದರೂ ರೊಟ್ಟಿಯ ವಾಸನೆ ಹೋಗಿಲ್ಲ. ಮಾಣಿಕ ನಿನಗೆ ಟ್ರ್ಯಾಕ್ಟರ್ ತೋರಿಸುತ್ತಾನಂತೆ. ಅವನನ್ನು ಕರೆದುಕೊಂಡು ಬರುವುದಿಲ್ಲ, ಅವನು ಮನೆಯಲ್ಲೇ ಇರುತ್ತಾನೆ. ನೋಡಬೇಕಾದರೆ ನೀನೇ ಬರಬೇಕು.

ರವಿವಾರ ಸಂಜೆ ಜೀಪು ಬಂದರೆ ಖಾಲಿ ಹೋಗುತ್ತದೆ. ಸೋಮವಾರ ಮುಂಜಾನೆಯ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ಮಂಡಳಿಯವರು, ಭಕ್ತರು, ಹೂವು ಹಿಡಿದವರು ಎಲ್ಲ ನೆರೆದಿರುತ್ತಾರೆ. ನೆರೆಯಲಿ. ನಮ್ಮ ಮನೆಯವರು ಕಾಯಿ ಕೊಡಲು ಒಳಗೆ ಹೋಗುತ್ತಾರೆ. ನಾನು ಒಳಗೆ ಬರುವುದಿಲ್ಲ, ಯಾರ ಪಾದಕ್ಕೂ ಬೀಳುವುದಿಲ್ಲ. ಅಂಗಳದಲ್ಲಿ ನಿಂತು ನಿನ್ನ ಹೆಸರು ಹಿಡಿದು ಕೂಗುತ್ತೇನೆ.

ನೀನು ಬೇವಿನ ಗಿಡದ ಕೆಳಗೆ ಕೂತಿರು. ಬರುವ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಕ್ಕ,
ಶಾಂಭವಿ